ಕ್ಯಾಶ್ ಡೀಲಿಗೆ ಒಬ್ಬರೇ ಹೋದ ಮಂಜು

ಆಪ್ತಸಮಾಲೋಚನೆಗೆ ನನ್ನ ಹತ್ತಿರ ಬಂದವರೊಬ್ಬರ ಪ್ರಕರಣ ಇದು, ಬರೆಯೋಕೆ ಅವರ ಒಪ್ಪಿಗೆ ಇದೆ. ಹೆಸರು, ಊರು, ಮೊತ್ತ ಬದಲಿಸಿದ್ದೇನೆ. ಮಂಜು ಅಂತ ಇಟ್ಟುಕೊಳ್ಳೋಣ.

ಮಂಜು ಬಂದಿದ್ದು ನಿದ್ದೆ ಬರಲ್ಲ ಅಂತ. ವಯಸ್ಸು ಮೂವತ್ತರ ಒಳಗೆ. ಊರು ಹಿರಿಯೂರು ಕಡೆ, ಬೆಂಗಳೂರಿನ ಕಂಪನಿಯೊಂದರಲ್ಲಿ ರಾತ್ರಿ ಪಾಳಿ. ರಾತ್ರಿ ಪಾಳಿಯವರಿಗೆ ನಿದ್ದೆ ಕೆಡುವುದು ಮಾಮೂಲಿ. ಹಾಗಾಗಿ ಮೊದಲು ಅದನ್ನೇ ಮಾತಾಡಿದೆವು. ಆದರೆ ಮಾತಿನ ನಡುವೆ ಒಂದು ವಿಷಯ ಹೇಳಿದರು. ಬೈಕಿನ ಪಕ್ಕ ಯಾವುದಾದರೂ ಕಾರು ಸ್ಪೀಡ್ ಕಮ್ಮಿ ಮಾಡಿದರೆ ಕೈ ಬೆವರುತ್ತದಂತೆ. ಖಾಕಿ ಕಂಡರೆ ಸಾಕು, ಅಡ್ಡರಸ್ತೆಗೆ ಗಾಡಿ ತಿರುಗಿಸಿಬಿಡುತ್ತಾರಂತೆ. ಇದು ಪಾಳಿಯ ಸಮಸ್ಯೆ ಅಲ್ಲ ಅಂತ ಆಗ ಗೊತ್ತಾಯಿತು.

"ಮೇಡಂ, ಇಲ್ಲಿ ಹೇಳಿದ್ದು ಪೊಲೀಸ್‌ಗೆ ಹೋಗುತ್ತಾ?" ಅಂತ ಕೇಳಿದರು.

ನಿಮ್ಮ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ಅನ್ನಿಸದ ಹೊರತು ಹೋಗಲ್ಲ ಅಂದೆ. ಆಮೇಲೆ ಸುಮಾರು ಹೊತ್ತು ನೆಲ ನೋಡುತ್ತಾ ಕೂತು, ನಿಧಾನವಾಗಿ ಬಾಯಿಬಿಟ್ಟರು.

2021ರಲ್ಲಿ ಬಿಟ್‌ಕಾಯಿನ್ ಅನ್ನುವ ಕ್ರಿಪ್ಟೊ (ಆನ್‌ಲೈನ್‌ನಲ್ಲೇ ಇರುವ ಡಿಜಿಟಲ್ ಹಣ) ಏರುತ್ತಿದ್ದಾಗ ಆಫೀಸಿನವರೆಲ್ಲ ತಗೊಂಡರು, ಇವರೂ ತಗೊಂಡರು. ಮುಂದಿನ ವರ್ಷ ಬೆಲೆ ಕುಸಿದಾಗ ಕೈ ಸುಟ್ಟುಕೊಂಡರು. ಆಮೇಲೆ ಯುಎಸ್‌ಡಿಟಿ ಅನ್ನುವ ಇನ್ನೊಂದು ಕ್ರಿಪ್ಟೊ ಹಿಡಿದರು. ಒಂದು ಕಾಯಿನ್ ಅಂದರೆ ಹೆಚ್ಚುಕಡಿಮೆ ಒಂದು ಡಾಲರ್, ಏರಿಳಿತದ ತಲೆನೋವು ಇಲ್ಲ. ಕಡಿಮೆ ರೇಟಿಗೆ ತಗೊಂಡು ಪಿ2ಪಿಯಲ್ಲಿ, ಅಂದರೆ ಕೊಳ್ಳುವವರಿಗೆ ನೇರವಾಗಿ, ಜಾಸ್ತಿ ರೇಟಿಗೆ ಮಾರುವುದು. ಕಾಯಿನ್‌ಗೆ ಒಂದೆರಡು ರೂಪಾಯಿ ಉಳಿಯುತ್ತಿತ್ತು. ಬಂಡವಾಳ ಸಾಲದೆ ಅಕ್ಕನ ಹತ್ತಿರ ಮೂರೂವರೆ ಲಕ್ಷ ಇಸ್ಕೊಂಡರು. ಮೇಲೊಂದು ಮಹಡಿ ಕಟ್ಟಿಸೋಕೆ ಅಕ್ಕ ಕೂಡಿಟ್ಟ ದುಡ್ಡು ಅದು. ಯಾತಕ್ಕೆ ಅಂತ ಅಕ್ಕನಿಗೆ ಸರಿಯಾಗಿ ಹೇಳಿರಲಿಲ್ಲ. ಅಕ್ಕ ದುಡ್ಡು ಕೊಟ್ಟಿರುವ ವಿಷಯವೇ ಭಾವನಿಗೆ ಗೊತ್ತಿರಲಿಲ್ಲ.

ಒಂದು ದಿನ ಎಟಿಎಂನಲ್ಲಿ ದುಡ್ಡು ಬರಲಿಲ್ಲ. ಬ್ಯಾಂಕಿಗೆ ಹೋದರೆ ಖಾತೆ ಹೋಲ್ಡ್ ಆಗಿದೆ ಅಂದರು. ಇವರಿಂದ ಕಾಯಿನ್ ಕೊಂಡ ಯಾರೋ ಕಳಿಸಿದ ಹಣ ಸೈಬರ್ ವಂಚನೆಯದ್ದು. ಮೋಸ ಹೋದವರು ದೂರು ಕೊಟ್ಟಾಗ ಹಣ ಯಾವ ಯಾವ ಖಾತೆ ದಾಟಿ ಹೋಯಿತೋ ಅಲ್ಲೆಲ್ಲ ಪೊಲೀಸರು ತಡೆ ಹಾಕಿಸುತ್ತಾರೆ. ಆ ಸಾಲಿನಲ್ಲಿ ಇವರ ಸಂಬಳದ ಖಾತೆಯೂ ಸೇರಿತ್ತು. ಬೇರೆ ರಾಜ್ಯದ ಠಾಣೆಯಿಂದ ಎನ್‌ಓಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ತನ್ನಿ ಅಂತ ಬ್ಯಾಂಕು, ಫೋನ್ ಎತ್ತದ ಠಾಣೆ. ಪಿ2ಪಿ ಮಾಡುವವರಲ್ಲಿ ಇದು ತುಂಬಾ ಜನ ಅನುಭವಿಸಿದ ಕಾಟ.

ಆಮೇಲೆ ಮಂಜು ಒಂದು ನಿರ್ಧಾರಕ್ಕೆ ಬಂದರು: ಬ್ಯಾಂಕಿನ ಸಹವಾಸವೇ ಬೇಡ, ಕ್ಯಾಶ್ ಸೇಫ್. ಅವರ ತರ್ಕ ನನಗೆ ಅರ್ಥವಾಗುತ್ತದೆ. ಆದರೆ ಬ್ಯಾಂಕಿನಲ್ಲಿ ಅಪಾಯ ಇದ್ದಿದ್ದು ಖಾತೆಗೆ, ಬೀದಿಯಲ್ಲಿ ಇರುವುದು ಮೈಗೆ. ಅದನ್ನು ಅವರು ಲೆಕ್ಕಕ್ಕೇ ತಗೊಳ್ಳಲಿಲ್ಲ.

ಟೆಲಿಗ್ರಾಂ ಗುಂಪಿನಲ್ಲಿ ಒಬ್ಬ ಪಾರ್ಟಿ ಸಿಕ್ಕ. ಮಾರ್ಕೆಟ್ ರೇಟಿಗಿಂತ ಕಾಯಿನ್‌ಗೆ ನಾಲ್ಕು ರೂಪಾಯಿ ಜಾಸ್ತಿ ಕೊಡ್ತೀನಿ ಅಂದ. ಮೊದಲ ಸಲ ಇಪ್ಪತ್ತು ಸಾವಿರದ್ದು, ಎರಡನೇ ಸಲ ನಲವತ್ತು ಸಾವಿರದ್ದು. ಎರಡೂ ಸುಸೂತ್ರವಾಗಿ ಮುಗಿದವು. ಬೇಕಂತಲೇ ಹಾಗೆ ಮುಗಿಸುತ್ತಾರೆ. ಮೂರನೆಯದು ನಾಲ್ಕು ಲಕ್ಷದ್ದು.

ಜನ ಓಡಾಡುವ ದರ್ಶಿನಿಯಲ್ಲಿ ಸಿಗೋಣ ಅಂತ ಮಾತಾಗಿತ್ತು. ಮಂಜು ಹೋಗಿ ಕಾಫಿ ತಗೊಂಡು ನಿಂತಿದ್ದಾರೆ. ಆಗ ಫೋನ್ ಬಂತು. "ಇಲ್ಲಿ ಜನ ಜಾಸ್ತಿ, ದುಡ್ಡು ಎಣಿಸೋಕಾಗಲ್ಲ. ಸರ್ ಕಾರಲ್ಲೇ ಇದ್ದಾರೆ, ಹಿಂದಿನ ಸರ್ವೀಸ್ ರೋಡಿಗೆ ಬನ್ನಿ." ಆ ಕ್ಷಣ ಏನನ್ನಿಸಿತು ಅಂತ ಕೇಳಿದೆ. "ಬೇಡ ಅನ್ನಿಸ್ತು ಮೇಡಂ. ಆದ್ರೆ ಅಷ್ಟು ದೂರದಿಂದ ಬಂದಿದ್ದಾರೆ, ಈಗ ಆಗಲ್ಲ ಅಂದ್ರೆ ಏನಂದ್ಕೋತಾರೆ ಅಂತ..."

ಹೋದರು. ಕಾರಿನ ಹಿಂದಿನ ಸೀಟಿನಲ್ಲಿ ಬಟ್ಟೆ ಅಂಗಡಿ ಕವರ್ ತುಂಬ ಐನೂರರ ಕಟ್ಟು. ಮೇಲಿನದನ್ನು ಎಣಿಸಲು ಕೊಟ್ಟರು. ಎಣಿಸುತ್ತಿರುವಾಗಲೇ ಬೈಕಿನಲ್ಲಿ ಇಬ್ಬರು ಬಂದರು. ಒಬ್ಬನ ಕೈಯಲ್ಲಿ ವಾಕಿಟಾಕಿ, ಇನ್ನೊಬ್ಬನದು ಖಾಕಿ ಪ್ಯಾಂಟು. ಕ್ರಿಪ್ಟೊನಾ, ಹವಾಲಾ ಕೇಸು, ಹತ್ತು ವರ್ಷ ಒಳಗೆ ಅಂತ ಜೋರು ಮಾಡಿದರು. ಕಾರಿನಲ್ಲಿದ್ದ 'ಸರ್' ಕೈಮುಗಿದು ಬೇಡಿಕೊಳ್ಳತೊಡಗಿದ. ಅದೂ ನಾಟಕ. ಕಾಯಿನ್ ಸೀಜ್ ಮಾಡಬೇಕು, ವಾಲೆಟ್ (ಕಾಯಿನ್ ಇಟ್ಟುಕೊಳ್ಳುವ ಆ್ಯಪ್) ತೆಗಿ ಅಂದರು. ಮಂಜು ತಮ್ಮದೇ ಬೆರಳಿಟ್ಟು ಫೋನ್ ತೆರೆದು, ಅವರು ತೋರಿಸಿದ ಕ್ಯೂಆರ್ ಕೋಡಿಗೆ ಆ ವಾಲೆಟ್‌ನಲ್ಲಿದ್ದ ಎಲ್ಲ ಕಾಯಿನ್ ಕಳಿಸಿದರು. ಚಾಟ್ ಅಳಿಸಿ ಫೋನ್ ವಾಪಸ್ ಕೊಟ್ಟು, ಬೈಕಿನ ಕೀ ಮೋರಿಗೆ ಎಸೆದು ಹೋದರು.

ಬಂದವರು ನಿಜವಾದ ಪೊಲೀಸರು ಅಂತಲೇ ಮಂಜು ನಂಬಿದ್ದರು. ಕೆಲವು ದಿನ ಬಿಟ್ಟು ಗುಂಪಿನಲ್ಲಿ ಬೇರೆ ಹೆಸರಿನಿಂದ ಅದೇ ದನಿಯ ವಾಯ್ಸ್ ಮೆಸೇಜ್ ಕೇಳಿದಾಗ ಹೊಟ್ಟೆ ತೊಳಸಿದಂತಾಯಿತಂತೆ. ಆದರೂ ದೂರು ಕೊಡಲಿಲ್ಲ. ಬದಲಿಗೆ 'ಹೋದ ಕಾಯಿನ್ ವಾಪಸ್ ತೆಗೆಸಿಕೊಡ್ತೀವಿ' ಅಂದ ಇನ್ನೊಬ್ಬನಿಗೆ ಹದಿನೈದು ಸಾವಿರ ಮುಂಗಡ ಕಟ್ಟಿದರು. ಅದೂ ಹೋಯಿತು. ಕಳಕೊಂಡವರ ಹಿಂದೆ ಇಂಥವರು ಬಂದೇ ಬರುತ್ತಾರೆ. ಮುಂಗಡ ಕೇಳಿದರೆ ಮೋಸ ಅಂತಲೇ ತಿಳಿಯಬೇಕು.

ನಾನು ಮೊದಲು ನೇರವಾಗಿ ಕೇಳಿದ್ದು ಸಾಯಬೇಕು ಅನ್ನಿಸಿದೆಯಾ ಅಂತ. ದುಡ್ಡು ಹೋಗಿ, ಅದನ್ನು ಮನೆಯಿಂದ ಮುಚ್ಚಿಟ್ಟವರನ್ನು ಇದನ್ನು ಕೇಳದೆ ಕಳಿಸಬಾರದು. ಒಂದೆರಡು ರಾತ್ರಿ ಅನ್ನಿಸಿತ್ತು ಅಂದರು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಅಲ್ಲೇ ಅವರ ಫೋನಿನಲ್ಲಿ ಸೇವ್ ಮಾಡಿಸಿದೆ. ದಿನವಿಡೀ ಇರುತ್ತಾರೆ, ಕನ್ನಡದಲ್ಲೂ ಮಾತಾಡುತ್ತಾರೆ. ರಾತ್ರಿ ಹೊತ್ತು ಆ ಗುಂಪುಗಳನ್ನು ನೋಡುವುದು ಸದ್ಯಕ್ಕೆ ನಿಲ್ಲಿಸಿ ಅಂದೆ.

ಆಮೇಲೆ ಬಿಡಿಸಬೇಕಿದ್ದ ಗಂಟು 'ನಾನೇ ಕಳ್ಳ' ಅನ್ನುವ ಭಾವನೆ. ಇವರು ದೂರು ಕೊಡದಿದ್ದಕ್ಕೆ ಕಾರಣ ಇದೇ. ಆ ನಕಲಿ ಪೊಲೀಸರಿಗೂ ಇದು ಗೊತ್ತಿತ್ತು. ಭಾರತದಲ್ಲಿ ಕ್ರಿಪ್ಟೊ ಇಟ್ಟುಕೊಳ್ಳುವುದು, ಮಾರುವುದು ನಿಷೇಧ ಅಲ್ಲ. 2018ರಲ್ಲಿ ಬ್ಯಾಂಕುಗಳು ಇದರಿಂದ ದೂರ ಇರಬೇಕು ಅಂತ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿತ್ತು. 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. 2022ರಿಂದ ಲಾಭದ ಮೇಲೆ ಶೇ 30 ತೆರಿಗೆ, ವಹಿವಾಟಿನ ಮೇಲೆ ಶೇ 1 ಟಿಡಿಎಸ್ (ಮೊದಲೇ ಹಿಡಿದುಕೊಳ್ಳುವ ತೆರಿಗೆ) ಇದೆ. ಇವೆಲ್ಲ ಇರುವುದೇ ವ್ಯವಹಾರ ನಡೆಯುತ್ತದೆ ಅಂತ ಸರ್ಕಾರಕ್ಕೆ ಗೊತ್ತಿರುವುದರಿಂದ, ಅಲ್ವಾ? ಹಾಗಂತ ಇವರ ಕಡೆ ಎಲ್ಲ ಸರಿ ಇತ್ತು ಅಂತಲೂ ಅಲ್ಲ. ಒಬ್ಬರಿಂದ ಒಂದೇ ವ್ಯವಹಾರಕ್ಕೆ ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ತಗೊಳ್ಳುವಂತಿಲ್ಲ. ತಗೊಂಡರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಅವತ್ತು ಆ ನಾಲ್ಕು ಲಕ್ಷ ನಿಜವಾಗಿ ಕೈಗೆ ಬಂದಿದ್ದರೆ ಅದು ಬೇರೆಯೇ ಫಜೀತಿ. ಹಳೆ ವಹಿವಾಟಿನ ತೆರಿಗೆ ಲೆಕ್ಕಕ್ಕೆ ಒಬ್ಬ ಸಿಎ ಹತ್ತಿರ ಹೋಗಿ, ವಕೀಲರ ಖರ್ಚಿಗೆ ಹೆದರಿದರೆ ಕಾನೂನು ನೆರವಿನ 15100ಕ್ಕೆ ಫೋನ್ ಮಾಡಿ ಕೇಳಿ ಅಂದೆ. ಆದರೆ ದರೋಡೆಗೆ ಒಳಗಾಗಿದ್ದು ನೀವು. ತೆರಿಗೆ ಬಾಕಿ ಇದೆ ಅಂತ ದರೋಡೆ ಸರಿಯಾಗಿಬಿಡಲ್ಲ.

ನಿಜವಾದ ಪೊಲೀಸರು ರಸ್ತೆ ಬದಿ ನಿಂತು ಕ್ಯೂಆರ್ ಕೋಡ್ ತೋರಿಸಿ ಕಾಯಿನ್ ಹಾಕಿಸಿಕೊಳ್ಳಲ್ಲ. ವಶಕ್ಕೆ ತಗೊಂಡರೆ ಪಟ್ಟಿ ಆಗಬೇಕು, ಸಾಕ್ಷಿಗಳ ಸಹಿ ಆಗಬೇಕು. 2024ರ ಜುಲೈನಿಂದ ಜಾರಿಗೆ ಬಂದ ಹೊಸ ಕಾಯ್ದೆಯಂತೆ ಅದರ ವಿಡಿಯೊ ಚಿತ್ರೀಕರಣವೂ ಆಗಬೇಕು. ಠಾಣೆಗೇ ಬರ್ತೀನಿ ಸರ್, ಅಲ್ಲೇ ಬರೆದುಕೊಳ್ಳಿ ಅನ್ನಬಹುದು. 112ಕ್ಕೆ ಕರೆ ಮಾಡಬಹುದು. ಆದರೆ ಎದುರಿನವನ ಕೈಯಲ್ಲಿ ಚಾಕು ಇದ್ದರೆ ಇದ್ಯಾವುದೂ ಬೇಡ, ಕೇಳಿದ್ದನ್ನು ಕೊಟ್ಟು ಬನ್ನಿ. 2025ರ ಜನವರಿಯಲ್ಲಿ ಫ್ರಾನ್ಸಿನಲ್ಲಿ ಕ್ರಿಪ್ಟೊ ವಾಲೆಟ್ ತಯಾರಿಸುವ ಕಂಪನಿಯ ಸಹಸ್ಥಾಪಕರನ್ನೇ ಅಪಹರಿಸಿ ಬೆರಳು ಕತ್ತರಿಸಿದ್ದರು. ಎಂಥ ಪಾಸ್‌ವರ್ಡ್ ಇದ್ದರೂ ಅದನ್ನು ಹೇಳುವುದು ನೋವು ತಿಳಿಯುವ ಒಂದು ಮೈ.

ಚಾಟ್ ಹೋಗಿದೆ, ಇನ್ನೇನು ಸಾಕ್ಷಿ ಅಂತ ಮಂಜು ಕೈಚೆಲ್ಲಿದ್ದರು. ವಾಲೆಟ್‌ನ ಹಿಸ್ಟರಿಯಲ್ಲಿ ಆ ವಹಿವಾಟಿನ ಹ್ಯಾಶ್, ಅಂದರೆ ಅದರ ಗುರುತಿನ ಸಂಖ್ಯೆ, ಇತ್ತು. ಅರವತ್ತನಾಲ್ಕು ಅಕ್ಷರ, ಅಂಕಿಗಳ ಒಂದು ಸಾಲು ಅಷ್ಟೇ. ಕಾಯಿನ್ ಎಷ್ಟು ಹೊತ್ತಿಗೆ ಯಾವ ವಿಳಾಸಕ್ಕೆ ಹೋಯಿತು, ಅಲ್ಲಿಂದ ಮುಂದೆಲ್ಲಿಗೆ ಹೋಯಿತು, ಎಲ್ಲ ಅದರಿಂದ ಸಿಗುತ್ತದೆ. ಯುಎಸ್‌ಡಿಟಿ ಹೊರಡಿಸುವ ಕಂಪನಿಗೆ ಒಂದು ವಿಳಾಸದಲ್ಲಿರುವ ಕಾಯಿನ್‌ಗಳನ್ನು ಫ್ರೀಜ್ ಮಾಡುವ ಶಕ್ತಿ ಇದೆ, ಪೊಲೀಸರು ಕೇಳಿದಾಗ ಮಾಡಿದ್ದೂ ಇದೆ. ಬಿಟ್‌ಕಾಯಿನ್‌ನಲ್ಲಿ ಹಾಗೆ ಮಾಡುವವರು ಯಾರೂ ಇಲ್ಲ. ಆದ್ದರಿಂದ ಬೇಗ ಹೋದಷ್ಟೂ ಒಳ್ಳೆಯದು. ಆನ್‌ಲೈನ್ ವಂಚನೆಯಾದರೆ 1930, ಮೈಮೇಲೆ ಬಂದರೆ 112. ನಡೆದ ಜಾಗ ಯಾವ ಠಾಣೆಗೆ ಸೇರಿದ್ದು ಅಂತ ತಲೆಕೆಡಿಸಿಕೊಳ್ಳಬೇಕಿಲ್ಲ, ಯಾವ ಠಾಣೆಯಲ್ಲಾದರೂ ದೂರು ದಾಖಲಿಸಬಹುದು.

ಮುಂದಿನ ಭೇಟಿಗಳಲ್ಲಿ ನಾವು ಜಾಸ್ತಿ ಹೊತ್ತು ಕಳೆದಿದ್ದು ದರ್ಶಿನಿಯ ಆ ಒಂದು ನಿಮಿಷದ ಮೇಲೆ. ಮಂಜುಗೆ ನಿಯಮ ಗೊತ್ತಿರಲಿಲ್ಲ ಅಂತಲ್ಲ. ಜನ ಇರುವ ಜಾಗದಲ್ಲೇ ಸಿಗಬೇಕು ಅಂತ ಅವರೇ ಆರಿಸಿದ್ದರು. ಕಷ್ಟವಾಗಿದ್ದು ಮಧ್ಯದಲ್ಲಿ ಎದ್ದು ಬರುವುದು. ದಾಕ್ಷಿಣ್ಯಕ್ಕೆ ಬಸುರಾದರೆ ಹೆರೋಕೆ ಜಾಗ ಇಲ್ಲ ಅಂತ ನಮ್ಮಜ್ಜಿ ಹೇಳೋರು. ಅದನ್ನು ಅಂದಾಗ ಮಂಜು ಮೊದಲ ಸಲ ನಕ್ಕರು.

ಹಾಗಾಗಿ ಅಭ್ಯಾಸ ಮಾಡಿಸಿದೆ. ನಾನೇ ಪಾರ್ಟಿ, ಅವರು ಮಂಜು. "ಸರ್ ಕಾರಲ್ಲಿದ್ದಾರೆ, ಬನ್ನಿ" ಅಂದೆ. "ಆಯ್ತು... ಅಲ್ಲ, ಇಲ್ಲೇ..." ಅಂತ ತಡವರಿಸಿದರು. ಮತ್ತೆ ಹೇಳಿಸಿದೆ. ನಾನು ಬೇಜಾರು ಮಾಡಿಕೊಂಡಂತೆ ನಟಿಸಿದೆ, ರೇಗಿದೆ, ಇನ್ನೂ ಎರಡು ರೂಪಾಯಿ ಜಾಸ್ತಿ ಕೊಡ್ತೀನಿ ಅಂದೆ. ಪ್ರತಿ ಸಲವೂ ಅವರು ಕಾರಣ ಕೊಡಲು ಹೋಗಿ ಸಿಕ್ಕಿಬೀಳುತ್ತಿದ್ದರು. ಕಾರಣ ಕೊಟ್ಟರೆ ಎದುರಿನವನು ಅದಕ್ಕೊಂದು ಪರಿಹಾರ ಹೇಳುತ್ತಾನೆ. ಕೊನೆಗೆ ಒಂದು ಸಾಲಿಗೆ ನಿಂತರು: "ಜಾಗ ಬದಲಾದ್ರೆ ಡೀಲ್ ಇಲ್ಲ ಸರ್, ಬರ್ತೀನಿ." ಹೇಳಿ ಎದ್ದು ಬಾಗಿಲ ತನಕ ನಡೆಯಬೇಕು. ಕೂತು ಹೇಳಿದರೆ ಸಾಲದು, ಕಾಲಿಗೂ ಅಭ್ಯಾಸ ಆಗಬೇಕು.

ಹಾಗಾದರೆ ಕ್ಯಾಶ್ ಡೀಲ್ ಮತ್ತೆ ಮಾಡಬಹುದಾ ಅಂತ ಕೇಳಿದರು. ಬೇಡ ಅಂತಲೇ ಹೇಳಿದೆ. ಮಾರ್ಕೆಟ್‌ಗಿಂತ ಜಾಸ್ತಿ ಕೊಟ್ಟು, ಅದೂ ನಗದಿನಲ್ಲಿ ಯಾಕೆ ತಗೋತಾರೆ? ಒಂದೋ ದುಡ್ಡು ಎಲ್ಲಿಯದು ಅಂತ ಹೇಳಲಾಗದವರು, ಇಲ್ಲಾ ದುಡ್ಡು ಕೊಡುವ ಯೋಚನೆಯೇ ಇಲ್ಲದವರು. ಎರಡರಲ್ಲಿ ಯಾವುದಾದರೂ ನಿಮಗೆ ಒಳ್ಳೆಯದಲ್ಲ. 2023ರಿಂದ ಕ್ರಿಪ್ಟೊ ಎಕ್ಸ್‌ಚೇಂಜ್‌ಗಳು (ಕ್ರಿಪ್ಟೊ ಕೊಳ್ಳುವ, ಮಾರುವ ವೇದಿಕೆಗಳು) ಕೇಂದ್ರದ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಣಿ ಮಾಡಿಸಬೇಕು. ಹಾಗೆ ನೋಂದಣಿ ಇರುವ ಕಡೆ, ನೇರವಾಗಿ ಎಕ್ಸ್‌ಚೇಂಜ್‌ಗೇ ಮಾರಿ. ನಾಲ್ಕು ರೂಪಾಯಿ ಕಮ್ಮಿ ಬರಲಿ.

ಆದರೂ ನಾನು ಬೇಡ ಅಂದ ಮಾತ್ರಕ್ಕೆ ಜನ ನಿಲ್ಲಿಸಲ್ಲ ಅಂತ ಗೊತ್ತು. ಆದ್ದರಿಂದ ಅಪರಿಚಿತರನ್ನು ಕಾಣಲು ಹೋಗುವವರಿಗೆ ಹೇಳುವುದನ್ನೂ ಹೇಳಿದೆ. ಬ್ಯಾಂಕ್ ಶಾಖೆಯ ಒಳಗೇ ಸಿಗಿ, ಹಗಲಲ್ಲಿ. ನೋಟು ಕೌಂಟರಿನಲ್ಲಿ ಎಣಿಕೆಯಾಗಿ ನಿಮ್ಮ ಖಾತೆಗೆ ಜಮಾ ಆದಮೇಲೆ ಕಾಯಿನ್ ಕಳಿಸಿ. ಒಂದೇ ವ್ಯವಹಾರದಲ್ಲಿ ಐದು ಅಥವಾ ಹೆಚ್ಚು ಖೋಟಾ ನೋಟು ಸಿಕ್ಕರೆ ಬ್ಯಾಂಕು ಪೊಲೀಸರಿಗೆ ತಿಳಿಸಲೇಬೇಕು, ಹಾಗಾಗಿ ಖೋಟಾ ನೋಟಿನವನು ಒಳಗೇ ಬರಲ್ಲ. ಕ್ಯಾಶ್ ಹೊತ್ತು ಮನೆಗೆ ಹೋಗುವ ತಾಪತ್ರಯವೂ ತಪ್ಪುತ್ತದೆ. ಆ ದಿನದ ವ್ಯವಹಾರಕ್ಕೆ ಬೇಕಾದಷ್ಟನ್ನೇ ಬೇರೆ ವಾಲೆಟ್‌ಗೆ ಹಾಕಿಕೊಂಡು ಹೋಗಿ. ಉಳಿದದ್ದರ ಹನ್ನೆರಡೋ ಇಪ್ಪತ್ತನಾಲ್ಕೋ ಪದಗಳ ಸೀಡ್ ಫ್ರೇಸ್ (ವಾಲೆಟ್ ತೆರೆಯುವ ಗುಟ್ಟಿನ ಪದಗಳು) ಫೋನಿನಲ್ಲಿ ಇರಬಾರದು. ಕೊಳ್ಳುವವರು ನೀವಾಗಿದ್ದರೆ ಎದುರಿನವನ ಸ್ಕ್ರೀನ್‌ಶಾಟ್ ನಂಬಬೇಡಿ, ಅದೇ ಹೆಸರಿನ ನಕಲಿ ಕಾಯಿನ್‌ಗಳೂ ಇವೆ. ನಿಮ್ಮ ಫೋನಿನಲ್ಲಿ ವಹಿವಾಟು ತೋರಿಸುವ ಎಕ್ಸ್‌ಪ್ಲೋರರ್ ಸೈಟ್ ತೆರೆದು ಅಸಲಿಯೇ ಬಂದಿದೆಯಾ ನೋಡಿ. ಬಿಟ್‌ಕಾಯಿನ್ ಆದರೆ ವಹಿವಾಟು ಖಚಿತವಾಗುವ ಒಂದು ಕನ್ಫರ್ಮೇಶನ್‌ಗೇ ಸುಮಾರು ಹತ್ತು ನಿಮಿಷ, ಕಾಯಲು ಒಪ್ಪದವನ ಜತೆ ವ್ಯವಹಾರ ಬೇಡ. ಯಾರ ಗಾಡಿಯನ್ನೂ ಹತ್ತಬೇಡಿ, ರೂಮಿನ ವಿಳಾಸ ಕೊಡಬೇಡಿ.

ಇಷ್ಟೂ ಹೇಳಿ, ಜತೆಗೆ ಒಬ್ಬರನ್ನು ಕರಕೊಂಡು ಹೋಗಿ ಅಂದಾಗ ಮಂಜು ಸುಮ್ಮನಾದರು. "ಯಾರನ್ನ ಕರೀಲಿ ಮೇಡಂ? ಯಾರಿಗೂ ಗೊತ್ತಿಲ್ವಲ್ಲ." ಅಲ್ಲಿಗೆ ಬಂದು ನಿಂತಿತು ನಮ್ಮ ಮಾತು. ಲೈವ್ ಲೊಕೇಶನ್ ಕಳಿಸೋಕೂ ಒಬ್ಬರು ಬೇಕಲ್ಲ.

ಅಕ್ಕನಿಗೆ ಹೇಳುವುದನ್ನು ತಿಂಗಳುಗಟ್ಟಲೆ ಮುಂದೂಡಿದರು. ನಾನು ಒತ್ತಾಯ ಮಾಡಲಿಲ್ಲ. ಹೇಗೆ ಹೇಳುವುದು ಅಂತ ಮಾತ್ರ ಇಬ್ಬರೂ ಸೇರಿ ಬರೆದೆವು: ಮೊದಲು ಮೊತ್ತ, ಆಮೇಲೆ ನಡೆದದ್ದು, ಕೊನೆಗೆ ತಿಂಗಳಿಗೆ ಎಷ್ಟು ತೀರಿಸಬಲ್ಲೆ ಅನ್ನುವುದು. ಕ್ಷಮೆ ಕೇಳುತ್ತಲೇ ಮೊತ್ತ ಕಮ್ಮಿ ಹೇಳುವುದು ಬೇಡ. ಎರಡನೇ ಸಲ ನಿಜ ಹೇಳುವುದು ಇನ್ನೂ ಕಷ್ಟ.

ಒಂದು ಭಾನುವಾರ ಊರಿಗೆ ಹೋಗಿ ಹೇಳಿದರು. ಅಕ್ಕ ಅತ್ತರು, ಬೈದರು. ಆಮೇಲೆ ಕೆಲವು ವಾರ ಫೋನ್ ಮಾಡಲಿಲ್ಲ. ಭಾವ ಒಂದು ಮಾತೂ ಆಡದೆ ಎದ್ದು ಹೊರಗೆ ಹೋದರಂತೆ. ಆದರೆ ದೂರು ಕೊಡಲು ಬೆಂಗಳೂರಿಗೆ ಬಂದು ಠಾಣೆಯಲ್ಲಿ ಮಂಜು ಪಕ್ಕ ಕೂತವರು ಆ ಭಾವನೇ. ಎಫ್‌ಐಆರ್ ಆಗಿದೆ. ಕಾಯಿನ್ ಬಂದಿಲ್ಲ, ಬರುತ್ತದೆ ಅಂತ ನಾನೂ ಹೇಳಲಾರೆ. ನಿದ್ದೆ ಈಗ ಐದು ಗಂಟೆ ಬರುತ್ತಿದೆ. ಖಾಕಿ ಕಂಡರೆ ಅಡ್ಡರಸ್ತೆ ಹಿಡಿಯುವುದು ಠಾಣೆಗೆ ನಾಲ್ಕಾರು ಸಲ ಓಡಾಡಿದ ಮೇಲೆ ಬಹುಪಾಲು ಬಿಟ್ಟಿದೆ.

ಇನ್ನೊಂದು ವಾಲೆಟ್‌ನಲ್ಲಿ ಉಳಿದಿದ್ದ ಸ್ವಲ್ಪ ಕಾಯಿನ್‌ಗಳನ್ನು ಹೋದ ತಿಂಗಳು ಎಕ್ಸ್‌ಚೇಂಜ್‌ನಲ್ಲಿ ಮಾರಿ, ಬಂದ ದುಡ್ಡನ್ನು ಅಕ್ಕನ ಖಾತೆಗೆ ಹಾಕಿದ್ದಾರೆ. ಟಿಡಿಎಸ್ ಹಿಡಿದುಬಿಟ್ಟರು ಮೇಡಂ ಅಂತ ಗೊಣಗಿದರು. ರಿಟರ್ನ್ಸ್ ಹಾಕುವಾಗ ಲೆಕ್ಕಕ್ಕೆ ಬರುತ್ತದೆ, ಸಿಎ ಹತ್ತಿರ ಚೀಟಿ ಕೊಡಿ ಅಂದೆ.