ಎರಡೂ ತುದಿಗೆ ಪ್ಲಗ್ಗು!

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆಯ ಹಳ್ಳಿ. ಮಳೆಗಾಲದಲ್ಲಿ ಕರೆಂಟು ಹೋದರೆ ಎರಡು ಮೂರು ದಿನ ಬರುವುದಿಲ್ಲ. ಮನೆಗೆ ತ್ರೀಫೇಸ್ ಲೈನಿದೆ, ಮೇನ್ 40 ಆಂಪಿಯರ್. ಹಗ್ಗ ಎಳೆದು ಸ್ಟಾರ್ಟ್ ಮಾಡುವ 5 ಕೆವಿಎ ಸಿಂಗಲ್ ಫೇಸ್ ಜನರೇಟರ್ ತಂದಿದ್ದೇವೆ. ಪಕ್ಕದ ಮನೆಯವರು ಎರಡೂ ತುದಿಗೆ ಪ್ಲಗ್ಗಿರುವ ವೈರಿನಲ್ಲಿ ಜನರೇಟರಿನಿಂದ ಗೋಡೆಯ ಸಾಕೆಟ್ಟಿಗೆ ಕೊಟ್ಟುಬಿಡುತ್ತಾರೆ. ಅಂಗಡಿಯವರು ಆಟೊಮ್ಯಾಟಿಕ್ ಚೇಂಜ್‌ಓವರ್ (ಮನೆಯನ್ನು ಲೈನಿನಿಂದ ಜನರೇಟರಿಗೆ ಬದಲಿಸುವ ಸ್ವಿಚ್) ತೆಗೆದುಕೊಳ್ಳಿ ಎನ್ನುತ್ತಾರೆ. ಯಾವುದು ಸರಿ?

ಉತ್ತರ: ಮೊದಲು ಆ ವೈರಿನ ವಿಷಯ. ನಾನು 26 ವರ್ಷ ಕಂಬ ಹತ್ತಿದವನು. ಒಂದು ಜುಲೈನಲ್ಲಿ ಲೈನ್ ಮೇಲೆ ಬಿದ್ದ ಮರ ತೆಗೆಸಿ, ಟಿ.ಸಿ.ಯ (ಟ್ರಾನ್ಸ್‌ಫಾರ್ಮರಿನ) ಡಿಓ, ಅಂದರೆ ಫ್ಯೂಸ್, ಬಿಚ್ಚಿಟ್ಟು ಮೇಲೆ ಹತ್ತಿದ್ದೆ. ತಂತಿ ಮುಟ್ಟುವ ಮೊದಲು ಅಭ್ಯಾಸಬಲದಿಂದ ಟೆಸ್ಟರ್ ಹಿಡಿದರೆ ಕೆಂಪಗೆ ಉರಿಯಿತು. ಕಿವಿಗೊಟ್ಟರೆ ತೋಟದಾಚೆಯ ಮನೆಯಲ್ಲಿ ಜನರೇಟರ್ ಗುಡುಗುಡು! ಮೇನ್ ಆಫ್ ಮಾಡಲು ಮರೆತಿದ್ದರಂತೆ. ಹಾಗೆ ಹೊರಗೆ ಹೋದ 230 ವೋಲ್ಟ್ ಟಿ.ಸಿ. ತಲುಪಿದರೆ, ಅದೇ ಟಿ.ಸಿ. ಹಿಮ್ಮುಖವಾಗಿ ಕೆಲಸ ಮಾಡಿ ಆಚೆ ಕಡೆ 11 ಸಾವಿರ ವೋಲ್ಟ್ ಮಾಡುತ್ತದೆ. ‘ಊರಿನ ಲೋಡೆಲ್ಲ ಬಿದ್ದು ಜನರೇಟರೇ ನಿಂತುಹೋಗುತ್ತದೆ’ ಎನ್ನುವವರಿದ್ದಾರೆ. ಲೈನ್ ನಿಮ್ಮ ಮನೆ ಹತ್ತಿರವೇ ತುಂಡಾಗಿದ್ದರೆ ಲೋಡೆಲ್ಲಿಂದ ಬರಬೇಕು? ಸಾಲದ್ದಕ್ಕೆ, ಸಾಕೆಟ್ಟಿನಿಂದ ಕಿತ್ತ ಪ್ಲಗ್ಗಿನ ಪಿನ್ನುಗಳಲ್ಲೂ ಕರೆಂಟು. ಮನೆಯಲ್ಲಿ ಮಕ್ಕಳಿದ್ದಾರೋ ಇಲ್ಲವೋ ನೀವು ಬರೆದಿಲ್ಲ.

ಆಟೊಮ್ಯಾಟಿಕ್ ನಿಮಗೆ ದಂಡ. ಹಗ್ಗ ಎಳೆಯಲು ಹೇಗೂ ನೀವೇ ಹೋಗಬೇಕಲ್ಲ! ಬ್ಯಾಟರಿಯ ಸೆಲ್ಫ್‌ಸ್ಟಾರ್ಟ್ ಇದ್ದಿದ್ದರೆ ಮಾತು ಬೇರೆ.

ಕೈಯಲ್ಲಿ ತಿರುಗಿಸುವ ನಾಲ್ಕು ಪೋಲಿನ ಚೇಂಜ್‌ಓವರ್ ತನ್ನಿ. ಮೂರು ಫೇಸಿನ ಜೊತೆ ನ್ಯೂಟ್ರಲ್ಲೂ ಬದಲಾಗಬೇಕು, ಅದಕ್ಕೇ ನಾಲ್ಕು. ನಿಮ್ಮ ಜನರೇಟರ್ ಕೊಡುವುದು ಹೆಚ್ಚೆಂದರೆ 22 ಆಂಪಿಯರ್, ಆದರೆ ಕರೆಂಟಿದ್ದಾಗ ಮನೆಯ ಲೋಡೆಲ್ಲ ಇದರ ಮೂಲಕವೇ ಹೋಗುತ್ತದೆ. ಆದ್ದರಿಂದ 40ಕ್ಕೆ ಕಡಿಮೆಯದು ಬೇಡ. 63 ಸಿಕ್ಕರೆ ನಾನು ಅದನ್ನೇ ಹಾಕಿಸುತ್ತೇನೆ. ಮೇಲೆ ಗುಣಮಟ್ಟದ ಸಂಖ್ಯೆ ಐಎಸ್/ಐಇಸಿ 60947-3 ಎಂದು ಬರೆದಿದೆಯೇ ನೋಡಿ. ಅಂಗಡಿಯಲ್ಲೇ ತಿರುಗಿಸಿ: ನಡುವಿನ ಸೊನ್ನೆಯಲ್ಲಿ ಹ್ಯಾಂಡಲ್ ಗಟ್ಟಿಯಾಗಿ ನಿಲ್ಲಬೇಕು, ಆಗ ಮೀಟರ್ ಇಟ್ಟರೆ ಯಾವ ಕಡೆಗೂ ಕನೆಕ್ಷನ್ ತೋರಿಸಬಾರದು.

ವೈರಿಂಗ್ ಮಾಡುವಾಗ ಪಕ್ಕದಲ್ಲೇ ನಿಂತುಕೊಳ್ಳಿ. ಸಿಂಗಲ್ ಫೇಸ್ ಜನರೇಟರಿನಿಂದ ಮನೆಯ ಮೂರೂ ಫೇಸಿಗೆ ಕರೆಂಟು ಸಿಗಬೇಕೆಂದರೆ ಮೂರು ಟರ್ಮಿನಲ್ ಸೇರಿಸಿ ಲೂಪ್ ಹಾಕುತ್ತಾರೆ. ಆ ಲೂಪ್ ಜನರೇಟರ್ ಕಡೆಯ ಟರ್ಮಿನಲ್ಲುಗಳಲ್ಲೇ ಇರಬೇಕು. ಅವಸರದಲ್ಲಿ ಮನೆಗೆ ಹೋಗುವ ಕಡೆ ಹಾಕಿದರೋ, ಹ್ಯಾಂಡಲನ್ನು ಲೈನಿಗೆ ತಿರುಗಿಸಿದ ಕ್ಷಣ ಮೂರು ಫೇಸ್ ಒಂದಕ್ಕೊಂದು ಶಾರ್ಟ್ ಆಗಿ ಢಂ ಎನ್ನುತ್ತದೆ. ತ್ರೀಫೇಸ್ ಪಂಪ್ ಇದ್ದರೆ ಅದರ ವೈರ್ ಚೇಂಜ್‌ಓವರಿಗೆ ಮೊದಲೇ ಬೇರೆಯಾಗಲಿ. ಮೂರು ತಂತಿಗೂ ಒಂದೇ ಫೇಸ್ ಕೊಟ್ಟರೆ ಆ ಮೋಟಾರ್ ಅಲುಗುವುದೂ ಇಲ್ಲ.

ಇನ್ನೊಂದು. ನ್ಯೂಟ್ರಲ್ ಹೀಗೆ ಬೇರೆಯಾದ ಮೇಲೆ ಜನರೇಟರಿನ ನ್ಯೂಟ್ರಲ್ಲನ್ನು ಅದರ ಹತ್ತಿರವೇ ಅರ್ಥಿಗೆ ಸೇರಿಸಿರದಿದ್ದರೆ, ಶಾಕ್ ಹೊಡೆದರೂ ಮನೆಯ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಟ್ರಿಪ್ ಆಗದೇ ಇರಬಹುದು. ಇದನ್ನು ಲೈಸೆನ್ಸ್ ಇರುವವರಿಂದಲೇ ಮಾಡಿಸಿ, ಟೆಸ್ಟ್ ಮಾಡಿ ತೋರಿಸಲು ಹೇಳಿ.

ಪಕ್ಕದ ಮನೆಯವರಿಗೂ ಈ ಪುಟ ಓದಲು ಕೊಡಿ. ಅವರ ವೈರ್ ಚೆನ್ನಾಗಿದ್ದರೆ ಒಂದು ತುದಿಯ ಪ್ಲಗ್ ಕತ್ತರಿಸಿ ಸಾಕೆಟ್ ಹಾಕಿಕೊಳ್ಳಲಿ, ಎಕ್ಸ್‌ಟೆನ್ಶನ್ ಆಗುತ್ತದೆ. ಫ್ರಿಜ್ಜನ್ನೋ ಮಿಕ್ಸಿಯನ್ನೋ ಅದಕ್ಕೇ ಸಿಕ್ಕಿಸಬಹುದು.