ಬ್ರಿಟನ್‌ನ ವಲಸೆ ಬಂಧನ ಕೇಂದ್ರಗಳಲ್ಲಿ ಗರ್ಭಿಣಿಯರನ್ನು, ಚಿತ್ರಹಿಂಸೆ ಅನುಭವಿಸಿದವರನ್ನು ಇಡಬಹುದಾ?

ಇಡಬಹುದು, ಆದರೆ ಕಟ್ಟುಪಾಡು ಇದೆ. 2016ರ ವಲಸೆ ಕಾಯ್ದೆ ಪ್ರಕಾರ ಗರ್ಭಿಣಿಯನ್ನು 72 ಗಂಟೆಗಿಂತ ಜಾಸ್ತಿ ಇಡುವಂತಿಲ್ಲ. ಮಂತ್ರಿಯೇ ಒಪ್ಪಿದರೆ ಒಟ್ಟು ಒಂದು ವಾರ, ಅಷ್ಟೇ.

ಚಿತ್ರಹಿಂಸೆಯ ವಿಷಯ ಅಷ್ಟು ಸರಳವಲ್ಲ. 2001ರ ಬಂಧನ ಕೇಂದ್ರ ನಿಯಮಗಳಲ್ಲಿ 35ನೆಯದು ಇದಕ್ಕೇ ಇರುವುದು. ಮೈಮೇಲಿನ ಹಳೇ ಗಾಯದ ಗುರುತು ನೋಡಿ ಕೇಂದ್ರದ ಡಾಕ್ಟರಿಗೆ ಅನುಮಾನ ಬಂತು ಅಂದುಕೊಳ್ಳಿ. ಅವರು ವರದಿ ಬರೆಯಲೇಬೇಕು. ಆತ್ಮಹತ್ಯೆಯ ಯೋಚನೆ ಇದೆ ಅನಿಸಿದರೂ ಅಷ್ಟೇ. ವರದಿ ಗೃಹ ಇಲಾಖೆಗೆ ಹೋಗುತ್ತದೆ, ಬಂಧನ ಮುಂದುವರಿಸಬೇಕಾ ಅಂತ ಅಲ್ಲಿ ಮತ್ತೆ ನೋಡುತ್ತಾರೆ. ತಕ್ಷಣ ಬಿಡುಗಡೆ ಅಂತೇನಿಲ್ಲ.

ಕಾಗದದ ಮೇಲೆ ಚೆನ್ನಾಗಿದೆ, ಅಲ್ವಾ? ಗ್ಯಾಟ್‌ವಿಕ್ ವಿಮಾನ ನಿಲ್ದಾಣದ ಪಕ್ಕದ ಬ್ರೂಕ್ ಹೌಸ್ ಎಂಬ ಬಂಧನ ಕೇಂದ್ರದ ಬಗ್ಗೆ 2023ರಲ್ಲಿ ಬಂದ ವಿಚಾರಣಾ ವರದಿ, ಈ ರಕ್ಷಣೆ ಸರಿಯಾಗಿ ನಡೆಯುತ್ತಲೇ ಇರಲಿಲ್ಲ ಎಂದಿತು. ನನ್ನ ಪ್ರಕಾರ ದೊಡ್ಡ ತೊಡಕು ಬೇರೆ: ಉಳಿದ ಬಹುತೇಕ ವಯಸ್ಕರಿಗೆ ಇಷ್ಟೇ ದಿನ ಅನ್ನುವ ಮಿತಿಯನ್ನೇ ಕಾನೂನು ಹಾಕಿಲ್ಲ.