ಮಾಲಿನ್ಯ ನಿಯಂತ್ರಣ ಮಂಡಳಿಯ ಪರಿಸರ ಅಧಿಕಾರಿಯ ಕೆಲಸವೇನು, ಯಾವ ಓದು ಬೇಕು?

ಗಿಡ ನೆಡಿಸುವ ಕೆಲಸ ಎಂದುಕೊಂಡಿದ್ದರೆ, ಅದು ಅರಣ್ಯ ಇಲಾಖೆಯದು. ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪರಿಸರ ಅಧಿಕಾರಿ ಓಡಾಡುವುದು ಹೆಚ್ಚಾಗಿ ಕಾರ್ಖಾನೆಯ ಹೊಗೆ, ಆಸ್ಪತ್ರೆಯ ತ್ಯಾಜ್ಯ, ಅಪಾರ್ಟ್‌ಮೆಂಟಿನ ಕೊಳಚೆ ನೀರಿನ ಸುತ್ತ. ಉದ್ಯಮಕ್ಕೆ ಸಮ್ಮತಿ ಪತ್ರ ಕೊಡುವ ಮುನ್ನ ಸ್ಥಳ ಪರಿಶೀಲನೆಯೂ ಇರುತ್ತದೆ.

ಪರೀಕ್ಷೆಗೆಂದು ಕಾರ್ಖಾನೆಯ ಕೊಳಚೆ ನೀರಿನ ಮಾದರಿ ತೆಗೆಯುವುದನ್ನೇ ನೋಡಿ. 1974ರ ಜಲ ಕಾಯ್ದೆಯ 21ನೇ ಕಲಮಿನಂತೆ ಮೊದಲು ಕಾರ್ಖಾನೆಯವರಿಗೆ ನೋಟಿಸ್ ಕೊಡಬೇಕು; ಅವರೆದುರೇ ನೀರನ್ನು ಎರಡು ಪಾಲು ಮಾಡಿ, ಮೊಹರು ಹಾಕಿ, ಇಬ್ಬರೂ ಸಹಿ ಮಾಡಬೇಕು. ಇದರಲ್ಲಿ ಎಡವಿದರೆ, ನೀರು ಎಷ್ಟೇ ಕಪ್ಪಗಿದ್ದರೂ ವರದಿ ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ.

ಓದು? ಸಾಮಾನ್ಯವಾಗಿ ಸಿವಿಲ್, ಕೆಮಿಕಲ್ ಅಥವಾ ಪರಿಸರ ಎಂಜಿನಿಯರಿಂಗ್ ಪದವಿ. ಪ್ರಯೋಗಾಲಯದ ಹುದ್ದೆಗಳಿಗೆ ಎಂ.ಎಸ್ಸಿ. ಪದವಿ. ಇದರ ಜೊತೆಗೆ ಸ್ಪರ್ಧಾತ್ಮಕ ಪರೀಕ್ಷೆ. ಕಾಯ್ದೆ ಓದುವ ತಾಳ್ಮೆಯನ್ನು ಅಧಿಸೂಚನೆ ಕೇಳುವುದಿಲ್ಲ, ಕೆಲಸ ಕೇಳುತ್ತದೆ.